ಮೊದಲು ಗೋಡೆ, ಆಮೇಲೆ ಪೆಟ್ಟಿಗೆ

೧೯೯೮ನೇ ಇಸವಿ, ಏಪ್ರಿಲ್ ತಿಂಗಳ ಒಂದು ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ: ಯಲ್ಲಾಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿ, ಒಂದು ಮನೆಯ ಮುಂದಿನ ಕೋಣೆ. ಹಾಜರಿದ್ದವರು: ಮನೆಯೊಡತಿ, ಒಳಕೋಣೆಯಲ್ಲಿ ಮಲಗಿದ್ದ ಅವಳ ಗಂಡ, ಗಂಡನ ಅಣ್ಣ ಮತ್ತು ನಾನು. ನಾವು ನಾಲ್ವರೂ ಸೇರಿದ್ದು ಗೋಡೆಗೆ ಒರಗಿ ನಿಂತಿದ್ದ ಒಂದು ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯ ಸಲುವಾಗಿ.

ದಿನ, ಹೊತ್ತು, ಹಾಜರಿದ್ದವರು ಎಂದು ಆರಂಭಿಸುವುದು ಸೈನ್ಯದ ವೈರ್‌ಲೆಸ್ ವರ್ಕ್‌ಶಾಪಿನಲ್ಲಿ ನನಗೆ ಅಂಟಿದ ಅಭ್ಯಾಸ. ಅಲ್ಲಿ ಇವನ್ನು ಗಟ್ಟಿಯಾಗಿ ಹೇಳದೆ ಯಾವ ಸೆಟ್ಟಿನ ಮುಚ್ಚಳವನ್ನೂ ತೆಗೆಯುವಂತಿರಲಿಲ್ಲ. ತೆಗೆಯುವುದಕ್ಕೂ ಕ್ರಮವಿತ್ತು. ಮೊದಲು ಗೋಡೆ, ಅಂದರೆ ಹೊರಗಿನಿಂದ ಬರುವ ವಿದ್ಯುತ್ತು. ಆಮೇಲೆ ಪೆಟ್ಟಿಗೆ, ಅದರೊಳಗಿನ ತಂತಿಗಳು. ಬಿಡಿಭಾಗಗಳನ್ನು ಬೆಸೆದು ಕೂರಿಸಿದ ಬೋರ್ಡು ಎಲ್ಲಕ್ಕಿಂತ ಕೊನೆಗೆ. ಈ ಕ್ರಮ ತಪ್ಪಿಸಿದವನು ಮೈದಾನದ ಸುತ್ತ ಓಡಬೇಕಾಗುತ್ತಿತ್ತು. ನಿವೃತ್ತನಾಗಿ ಶಿರಸಿಯಲ್ಲಿ ರೇಡಿಯೋ, ಟಿ.ವಿ. ರಿಪೇರಿಯ ಅಂಗಡಿ ಇಟ್ಟ ಮೇಲೆ ಓಡಿಸುವವರು ಯಾರೂ ಇರಲಿಲ್ಲ. ಆದರೂ ಕ್ರಮ ಹಾಗೇ ಉಳಿಯಿತು.

ಆ ವರ್ಷಗಳಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆ ಬಸ್‌ಸ್ಟ್ಯಾಂಡಿನ ಆಸುಪಾಸಿನಲ್ಲಿ ವಿಡಿಯೋ ಗೇಮಿನ ಅಂಗಡಿಗಳಿದ್ದವು. ಯಂತ್ರಗಳು ಯಾವ ದೇಶದಲ್ಲೋ ಹುಟ್ಟಿ, ಮುಂಬಯಿಯಲ್ಲಿ ಹಳತಾಗಿ, ಹುಬ್ಬಳ್ಳಿಯಲ್ಲಿ ಬಣ್ಣ ಬಳಿಸಿಕೊಂಡು ನಮ್ಮ ಘಟ್ಟದ ಮೇಲೆ ಬರುತ್ತಿದ್ದವು. ನಕ್ಷೆ ಇಲ್ಲ, ಪುಸ್ತಕ ಇಲ್ಲ. ಸಿದ್ದಾಪುರದ ಒಂದು ಯಂತ್ರ ಎರಡು ತಿಂಗಳಿಂದ ಸತ್ತಿದೆ ಎಂದು ಕರೆದರು. ಹೋಗಿ ನೋಡಿದರೆ ಫ್ಯೂಸಿನ ಎರಡು ಮೊಳೆಗಳ ನಡುವೆ ಸುಟ್ಟ ಹಲ್ಲಿ. ಶಿರಸಿಯ ಇನ್ನೊಂದರಲ್ಲಿ ಆಕಾಶವೆಲ್ಲ ನೇರಳೆ, ವಿಮಾನವೆಲ್ಲ ಹಸಿರು. ಬೋರ್ಡು ಹೋಗಿದೆ ಎಂದು ಅಂಗಡಿಯವನು ಹಣೆ ಚಚ್ಚಿಕೊಳ್ಳುತ್ತಿದ್ದ. ಹಾಡು ಜೋರಾಗಲಿ ಎಂದು ಅವನೇ ದೊಡ್ಡದೊಂದು ಸ್ಪೀಕರ್ ತಂದು ಪರದೆಗೆ ತಾಗಿಸಿ ಇಟ್ಟಿದ್ದ. ಅದರ ಅಯಸ್ಕಾಂತವನ್ನು ದೂರ ಸರಿಸಿದ್ದೇ ನಾನು ಮಾಡಿದ ರಿಪೇರಿ. ಹೀಗೆ ನೋಡನೋಡುತ್ತ ನನಗೆ ತಿಳಿದದ್ದು ಇಷ್ಟು: ಬೋರ್ಡು ಸಾಮಾನ್ಯವಾಗಿ ನಿರಪರಾಧಿ. ಅದಕ್ಕೆ ಏನು ತಲುಪುತ್ತಿದೆ, ಏನು ತಲುಪುತ್ತಿಲ್ಲ ಎಂಬುದನ್ನು ನೋಡಬೇಕು.

ಅಂದು ಬೆಳಿಗ್ಗೆ ಚೀಲಕ್ಕೆ ಸಾಮಾನು ತುಂಬುವಾಗ ಹೆಂಡತಿ ಊಟದ ವಿಷಯ ಕೇಳಿದಳು.

"ಆನು ಯಲ್ಲಾಪುರಕ್ಕೆ ಹೋಗ್ತೆ. ಊಟಕ್ಕೆ ಬತ್ನಿಲ್ಲೆ" ಎಂದೆ.

"ಮೊಮ್ಮಕ್ಕ ಆಡದು ಬಿಟ್ರೂ ಅಜ್ಜ ಬಿಡ್ತ್ನಿಲ್ಲೆ" ಎಂದು ಅವಳು ಬುತ್ತಿಗೆ ಅವಲಕ್ಕಿ ಕಟ್ಟಿದಳು.

ಯಲ್ಲಾಪುರದ ಆ ಮನೆಯ ಗಂಡ ಲಾರಿ ಚಾಲಕ. ಹುಬ್ಬಳ್ಳಿಯಿಂದ ಬರುವಾಗ ಒಮ್ಮೆ ಈ ಯಂತ್ರವನ್ನು ಹೇರಿಕೊಂಡು ಬಂದವನು ಅವನೇ. ಮುರಿದಿದ್ದ ಪೆಟ್ಟಿಗೆಗೆ ಹಲಸಿನ ಹಲಗೆ ಕೂಡಿಸಿ ತಾನೇ ಗಟ್ಟಿ ಮಾಡಿದ್ದ. ಹಿಂದಿನ ಮಳೆಗಾಲದ ಕೊನೆಯಲ್ಲಿ ಲೋಡಿನ ಮೇಲೆ ಹತ್ತಿ ತಾಡಪತ್ರಿ ಬಿಗಿಯುವಾಗ ಬಿದ್ದು ಬೆನ್ನು ಮುರಿದುಕೊಂಡ. ಆಗಿನಿಂದ ಮಲಗಿದಲ್ಲೇ. ಅಂದಿನಿಂದ ಮನೆ ನಡೆದದ್ದು ಮುಂದಿನ ಕೋಣೆಯ ಈ ಯಂತ್ರದಿಂದ. ಹೆಂಡತಿ ಒಂದು ಕಿವಿ ಆಟದ ಕಡೆಗೆ, ಒಂದು ಕಿವಿ ಒಳಕೋಣೆಯ ಕಡೆಗೆ ಕೊಟ್ಟು ದಿನ ನೂಕುತ್ತಿದ್ದಳು. ಹೊರಗೆ ದುಡಿಯಲು ಹೋದರೆ ಅವನನ್ನು ಮಗ್ಗುಲು ತಿರುಗಿಸುವವರಿರಲಿಲ್ಲ.

ಒಂದು ತಿಂಗಳಿಂದ ಯಂತ್ರಕ್ಕೆ ಎರಡು ರೋಗ. ಆಟ ನಡುವೆ ನಿಂತು ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ನಾಣ್ಯ ಹಾಕುವ ಕಬ್ಬಿಣದ ಬಾಗಿಲು ಮುಟ್ಟಿದರೆ ಶಾಕ್ ಹೊಡೆಯುತ್ತಿತ್ತು. ಆ ವಾರ ಒಬ್ಬ ಕಂಡಕ್ಟರ್ ಕೈ ಕೊಡವಿಕೊಂಡು ಬಾಗಿಲಾಚೆ ಬಿದ್ದಿದ್ದ. ಗಂಡನ ಅಣ್ಣನೂ ಲಾರಿ ಕಸುಬಿನವನೇ. ಸಂಸಾರ ಮುಂಡಗೋಡಿನಲ್ಲಿದ್ದರೂ ಲಾರಿ ತಿರುಗುವಾಗ ವಾರದಲ್ಲಿ ಎರಡು ದಿನ ಇಲ್ಲೇ ತಮ್ಮನ ಮನೆಯಲ್ಲಿ ತಂಗುತ್ತಿದ್ದ. ಅಂದು ಅವನ ಲಾರಿ ಓಣಿಯ ಬಾಯಲ್ಲಿ ನಿಂತಿತ್ತು. ಸಂಜೆ ಹುಬ್ಬಳ್ಳಿಗೆ ಹೊರಡುವುದಿತ್ತು. ನಾನು ಚೀಲ ಇಳಿಸುವ ಮೊದಲೇ ಅವನು ನಿರ್ಧಾರ ಹೇಳಿದ.

"ನೋಡ್ರಿ ಭಟ್ರೇ, ಸಂಜೀತನಕ ಟೈಮು. ಸರಿ ಆಗ್ಲಿಲ್ಲ ಅಂದ್ರ ಪೆಟ್ಟಿಗಿ ಲಾರಿಗೆ ಹೇರತೀನಿ. ಇವರಿಬ್ಬರೂ ನಾಳೆ ನಮ್ಮ ಮನೀಗೆ. ಯಾರದಾದ್ರೂ ಜೀವ ಹೋದ್ರ ನಾ ಯಾರಿಗೆ ಮುಖ ತೋರಿಸಲಿ?"

ಮಂತ್ರ ಬಾರದ ನನ್ನಂಥವನನ್ನೂ ಭಟ್ಟ ಎನ್ನುವುದು ನಮ್ಮ ಕಡೆಯ ರೂಢಿ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಶಾಕ್ ನಿಲ್ಲದಿದ್ದರೆ ಹೇರಲು ನಾನೇ ಕೈಹಚ್ಚುತ್ತೇನೆ ಎಂದೆ. ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಅಣ್ಣ ಬಚ್ಚಲ ಕಡೆ ಹೋದಾಗ ಮಾತ್ರ ಮೆಲ್ಲಗೆ ಹೇಳಿದಳು. "ಅವರ ಮನಿ ಒಳ್ಳೇದೇ ಅದರಿ. ಆದ್ರ ಅಲ್ಲಿ ನಾನು ಇನ್ನೊಬ್ಬರ ಒಲಿ ಮುಂದ ಕೂಡಬೇಕು."

ಅಲ್ಲಿಂದ ಮುಂದೆ ನನಗೂ ಕೂತಲ್ಲಿ ಕೂರಲಾಗಲಿಲ್ಲ.

ಯಂತ್ರ ಹಾಕಿ ತೋರಿಸಿದಳು. ಆರಂಭದ ರಾಗ ಟಿಂಟಿಣಿ ಎಂದು ಬಂತು, ಚಿತ್ರ ಬಂತು, ವಿಮಾನ ಹಾರಿತು. ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಗಿ ಮತ್ತೆ ಅದೇ ರಾಗ. ರಾಗ ಎರಡನೇ ಸಲ ಕೇಳಿದೊಡನೆ ಒಳಕೋಣೆಯಿಂದ ಗೋಡೆಗೆ ಬೆರಳಗೆಣ್ಣಿನಿಂದ ಒಂದು ಕುಟ್ಟು. ಮೂರನೇ ಸಲ ಮತ್ತೊಂದು ಕುಟ್ಟು. ಗಂಡನಿಗೆ ಯಂತ್ರ ಕಾಣುತ್ತಿರಲಿಲ್ಲ, ಆ ರಾಗ ಕೇಳುತ್ತಿತ್ತು. ರಾಗ ಮತ್ತೆ ಬಂತೆಂದರೆ ಆಡುತ್ತಿದ್ದವನೊಬ್ಬ ಬೈದು ಎದ್ದುಹೋದ ಎಂದು ಅವನಿಗೆ ಗೊತ್ತಾಗುತ್ತಿತ್ತು.

ಅಣ್ಣ ಬೋರ್ಡು ಬಿಚ್ಚಿ ಎಂದ. ನಾನು ಗೋಡೆಯ ಪ್ಲಗ್ಗಿನ ಹತ್ತಿರ ಕುಳಿತೆ. ಕಾಯಿಲೆ ಅಲ್ಲಿಲ್ಲ ಎಂದ. ಇರಲಿ, ಕ್ರಮ ಇದು ಎಂದೆ. ಅವನು ಹೊಸ್ತಿಲಿಗೂ ಲಾರಿಗೂ ನಡುವೆ ಓಡಾಡತೊಡಗಿದ.

ವೋಲ್ಟೇಜು ಕಡಿಮೆಯಿತ್ತು. ಪಕ್ಕದ ಹಿಟ್ಟಿನ ಗಿರಣಿ ಶುರುವಾದಾಗ ಇನ್ನೂ ಕುಸಿಯುತ್ತಿತ್ತು. ಅದು ಆ ಓಣಿಯ ಹಣೆಬರಹ, ನನ್ನ ಕೈಯಲ್ಲಿಲ್ಲ. ಹೋಲ್ಡರಿಗೆ ಎರಡು ತಂತಿ ಕಟ್ಟಿದ ಬಲ್ಬು ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಫೇಸಿಗೂ ನ್ಯೂಟ್ರಲಿಗೂ ಹಿಡಿದೆ, ಉರಿಯಿತು. ಫೇಸಿಗೂ ಅರ್ತಿಂಗಿಗೂ ಹಿಡಿದೆ. ಬಲ್ಬಿನೊಳಗಿನ ತಂತಿ ಬೀಡಿಯ ತುದಿಯಷ್ಟೇ ಕೆಂಪಾಯಿತು. ಅಂದರೆ ಆ ಮನೆಯಲ್ಲಿ ಭೂಮಿಗೆ ಹೋಗುವ ದಾರಿ ಹೆಸರಿಗೆ ಮಾತ್ರ ಇತ್ತು.

ಹಿತ್ತಿಲಿಗೆ ಹೋದೆವು. ಅರ್ತಿಂಗಿನ ಪೈಪು ಬಚ್ಚಲಿನ ಹಿಂದಿನ ಗೋಡೆಯ ಬುಡದಲ್ಲಿತ್ತು. ಜಾಗ ಆರಿಸಿದವನು ಜಾಣ. ಬಚ್ಚಲ ನೀರು ಸದಾ ಅಲ್ಲಿ ಹಿಂಗುತ್ತಿದ್ದರೆ ಬೇಸಿಗೆಯಲ್ಲೂ ಮಣ್ಣು ಹಸಿ ಇರುತ್ತದೆ. ಆದರೆ ಈಗ ಪೈಪಿನ ಸುತ್ತ ಕೆಂಪು ಮಣ್ಣು ಬಿರುಕು ಬಿಟ್ಟಿತ್ತು. ಬಚ್ಚಲ ನೀರು ಹೊಸದಾಗಿ ಕಡಿದ ಒಂದು ಕಾಲುವೆಯಲ್ಲಿ ಹರಿದು ಹಿತ್ತಿಲ ಆ ಮೂಲೆಗೆ ಹೋಗುತ್ತಿತ್ತು. ಅಲ್ಲಿ ಆರೇಳು ಬಾಳೆಗಿಡಗಳು ಕಪ್ಪುಹಸಿರಾಗಿ ಸೊಕ್ಕಿ ನಿಂತಿದ್ದವು.

ಕಾಲುವೆ ಕಡಿದವರು ಯಾರು ಎಂದು ಕೇಳಿದೆ. ಅವಳು ಬಾಳೆಯನ್ನು ನೋಡಿದಳು. ಅಣ್ಣ ಆಕಾಶ ನೋಡಿದ.

"ನೀರು ಸುಮ್ನ ಹಾಳಾಗ್ತಿತ್ತಲ್ರೀ" ಎಂದ ಆಮೇಲೆ. "ತಮ್ಮಗ ಹಣ್ಣಾಗ್ಲಿ ಅಂತ ನಾನೇ ಹಚ್ಚಿದ್ದು."

ಕಾಲುವೆ ಕಡಿದದ್ದು ಒಂದೂವರೆ ತಿಂಗಳ ಹಿಂದೆ. ಶಾಕ್ ಹೊಡೆಯತೊಡಗಿದ್ದು ಒಂದು ತಿಂಗಳಿಂದ. ನಾನು ಲೆಕ್ಕ ಬಿಡಿಸಿ ಹೇಳಲಿಲ್ಲ. ಅವನೇ ಬಕೆಟ್ ತೆಗೆದುಕೊಂಡ. ಬಾವಿಯಿಂದ ಸೇದಿ ಸೇದಿ ಪೈಪಿನ ಬುಡಕ್ಕೆ ಸುರಿದ. ಮಣ್ಣು ಸುಂಯ್ ಎಂದು ಕುಡಿಯಿತು. ಸಾಕು ಎಂದರೂ ನಿಲ್ಲಿಸಲಿಲ್ಲ. ಒಳಗೆ ಬಂದು ಮತ್ತೆ ಹಿಡಿದರೆ ಬಲ್ಬು ಬೆಳಗಿತು.

ಯಂತ್ರದ ಸ್ವಿಚ್ಚು ಹಾಕಿದೆ. ಗೋಡೆಯ ಫ್ಯೂಸು ಠಪ್ ಎಂದಿತು.

ಅಣ್ಣ ಬಕೆಟ್ಟನ್ನು ಕೆಳಗಿಟ್ಟ. ಇದ್ದದ್ದೂ ಹೋಯಿತು ಎಂಬ ಮುಖ. ಅವಳ ಮುಖವೂ ಇಳಿಯಿತು. ನನಗೆ ಮಾತ್ರ ಸಮಾಧಾನವೇ ಆಯಿತು. ಇಷ್ಟು ದಿನ ಪೆಟ್ಟಿಗೆಯ ಕಬ್ಬಿಣದ ಮೈಗೆ ಹತ್ತಿದ್ದ ವಿದ್ಯುತ್ತು ಭೂಮಿಗೆ ಹೋಗಲು ದಾರಿಯಿಲ್ಲದೆ ಮುಟ್ಟಿದವರ ಮೈಯಲ್ಲಿ ಹೋಗುತ್ತಿತ್ತು. ಈಗ ದಾರಿ ಸಿಕ್ಕಿತು, ಫ್ಯೂಸು ತನ್ನ ಕೆಲಸ ಮಾಡಿತು. ತಂತಿ ಎಲ್ಲಿ ತಾಗುತ್ತಿದೆ ಎಂದು ಹುಡುಕುವುದಷ್ಟೇ ಉಳಿದದ್ದು. ಹೀಗೆಂದು ಇಬ್ಬರಿಗೂ ಹೇಳಿದೆ. ಅಣ್ಣನಿಗೆ ಅರ್ಧ ನಂಬಿಕೆ ಬಂದಂತೆ ಕಂಡಿತು. ಜುಮ್ಮಾ ನಮಾಜಿಗೆ ಹೊತ್ತಾಯಿತೆಂದು ಕೈಕಾಲು ತೊಳೆಯಲು ಹೋದ.

ಪ್ಲಗ್ ಕಿತ್ತು ಪೆಟ್ಟಿಗೆಯ ಹಿಂಬದಿ ತೆಗೆದೆ. ನಾಣ್ಯದ ಬಾಗಿಲಿನ ಕೀಲಿನ ಹತ್ತಿರ ಒಂದು ತಂತಿ ಚೆಪ್ಪಟೆಯಾಗಿತ್ತು. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಕೀಲು ಅದನ್ನು ಕಡಿದು ಕಡಿದು ಒಳಗಿನ ತಾಮ್ರ ಹಲ್ಲು ಕಿರಿದಿತ್ತು. ಆ ತುಂಡನ್ನು ಕತ್ತರಿಸಿ ತೆಗೆದು, ಹೊಸ ತಂತಿ ಜೋಡಿಸಿ, ಅಂಗಿಯ ತೋಳಿನ ಹಾಗೆ ಮೇಲೆ ಪ್ಲಾಸ್ಟಿಕ್ ಕೊಳವೆ ತೊಡಿಸಿ, ಕೀಲಿನಿಂದ ದೂರ ಕಟ್ಟಿದೆ. ಫ್ಯೂಸಿಗೆ ಹೊಸ ತಂತಿ ಹಾಕಿ ಸ್ವಿಚ್ಚು ಒತ್ತಿದೆ. ಫ್ಯೂಸು ನಿಂತಿತು. ನಾಣ್ಯದ ಬಾಗಿಲಿಗೆ ಬಲ್ಬಿನ ತಂತಿ ಹಿಡಿದು ನೋಡಿ, ಆಮೇಲೆ ಅಂಗೈಯ ಹಿಂಬದಿ ಮುಟ್ಟಿಸಿದೆ. ಏನೂ ಇಲ್ಲ. ಒಂದು ರೋಗ ವಾಸಿಯಾಯಿತು.

ಅಷ್ಟರಲ್ಲಿ ಆರಂಭದ ರಾಗ ಎರಡನೇ ಸಲ ಬಂತು. ಒಳಗಿನಿಂದ ಕುಟ್ಟು.

ಅವಳಿಗೆ ತಡೆಯಲಾಗಲಿಲ್ಲ. ಹುಬ್ಬಳ್ಳಿಯ ಮೆಕ್ಯಾನಿಕ್ ಹಿಂದೊಮ್ಮೆ ಬಂದಾಗ ಬೋರ್ಡಿಗೆ ವಿದ್ಯುತ್ತನ್ನು ಇಳಿಸಿ ಕೊಡುವ ಪವರ್ ಸಪ್ಲೈ ಡಬ್ಬಿಯ ಮೇಲಿನ ಒಂದು ಸ್ಕ್ರೂ ತಿರುಗಿಸಿದ್ದನಂತೆ, ಕೂಡಲೇ ಸರಿಯಾಗಿತ್ತಂತೆ. ಅದನ್ನೇ ಇನ್ನೊಂದಿಷ್ಟು ತಿರುಗಿಸಬಾರದೇ ಎಂದು ಕೇಳಿದಳು. ತಿರುಗಿಸಬಹುದಿತ್ತು. ಸಂಜೆಯವರೆಗೆ ಆಟವೂ ನಡೆಯುತ್ತಿತ್ತು, ಲಾರಿಯೂ ಖಾಲಿ ಹೋಗುತ್ತಿತ್ತು. ಆದರೆ ಬೋರ್ಡು ಕುಡಿಯುವುದು ಐದು ವೋಲ್ಟು. ದಾರಿಯಲ್ಲಿ ಎಲ್ಲೋ ಸೋರಿಹೋಗುತ್ತಿದೆ ಎಂದು ಇಲ್ಲಿಂದ ಹೆಚ್ಚು ತಳ್ಳಿದರೆ, ಸೋರಿಕೆ ತಾನಾಗಿ ನಿಂತ ದಿನ ಅಷ್ಟೂ ಬೋರ್ಡಿನ ಚಿಪ್‌ಗಳ ಮೇಲೆ ಬೀಳುತ್ತದೆ. ಅವು ಸುಟ್ಟರೆ ಬದಲಿ ಎಲ್ಲೂ ಸಿಗುವುದಿಲ್ಲ. ಹಾಗೆಂದು ಹೇಳಿ ಅಳತೆಗೆ ಕುಳಿತೆ.

ಸಪ್ಲೈಯಿಂದ ಹೊರಡುವಾಗ ಐದಕ್ಕಿಂತ ಸ್ವಲ್ಪ ಹೆಚ್ಚೇ ಇತ್ತು. ಬೋರ್ಡಿನ ಮೇಲೆ ನಾಲ್ಕೂವರೆಗಿಂತ ಕಡಿಮೆ. ನಡುವೆ ಇದ್ದದ್ದು ತಂತಿಗಳನ್ನು ಬೋರ್ಡಿಗೆ ಸೇರಿಸುವ ಉದ್ದನೆಯ ಕನೆಕ್ಟರ್ ಒಂದೇ. ಸ್ವಿಚ್ಚು ಆರಿಸಿ ಅದನ್ನು ಎಳೆದು ತೆಗೆದೆ.

ಬೋರ್ಡಿನ ಅಂಚಿನಲ್ಲಿ ಬೆರಳುಗಳ ಹಾಗೆ ಸಾಲಾಗಿ ಲೋಹದ ಪಟ್ಟಿಗಳಿರುತ್ತವೆ. ಹಳೆಯ ಬೋರ್ಡಿನಲ್ಲಿ ಅವು ಮಸುಕಾಗಿರಬೇಕು. ಇಲ್ಲಿ ಹಬ್ಬಕ್ಕೆ ತೊಳೆದ ಹಂಡೆಯ ಹಾಗೆ ಕೆಂಪಗೆ ಫಳಫಳ ಹೊಳೆಯುತ್ತಿದ್ದವು. ಮೇಲಿನ ಚಿನ್ನದ ಲೇಪ ಹೋಗಿ ತಾಮ್ರ ಕಾಣುತ್ತಿತ್ತು. ಕನೆಕ್ಟರಿನ ಬಾಯಿಯೊಳಗೆ ಟಾರ್ಚು ಹಾಕಿದೆ. ಹಸಿರು ಕಿಲುಬು. ಕಿಲುಬಿನ ನಡುವೆ ಕಂದು ಬಣ್ಣದ ನಾರು. ಮೂಗಿಗೆ ಹಿಡಿದೆ. ಅಡುಗೆಮನೆಯ ವಾಸನೆ.

ಕೇಳಿದ ಕೂಡಲೇ ಒಪ್ಪಿಕೊಂಡಳು. ಸಂಪರ್ಕದಲ್ಲಿ ಕಿಲುಬಿದೆ, ಚೊಕ್ಕ ಇಟ್ಟುಕೊಳ್ಳಿ ಎಂದು ಅದೇ ಮೆಕ್ಯಾನಿಕ್ ಹೇಳಿಹೋಗಿದ್ದ. ಕಿಲುಬಿಗೆ ಮದ್ದು ಅವಳಿಗೆ ಹುಟ್ಟಿನಿಂದ ಗೊತ್ತು: ಹುಣಸೆಹಣ್ಣು, ಬಚ್ಚಲ ಒಲೆಯ ಬೂದಿ, ತೆಂಗಿನ ನಾರು. ಪ್ರತಿ ಗುರುವಾರ ತಾಮ್ರದ ಹಂಡೆಯ ಜೊತೆಗೆ ಬೋರ್ಡಿನ ಅಂಚನ್ನೂ ತಿಕ್ಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಕೂಡಿಸುತ್ತಿದ್ದಳು. ಹೊಳಪು ಬಂದಷ್ಟೂ ರೋಗ ಹೆಚ್ಚುತ್ತಿತ್ತು. ರೋಗ ಹೆಚ್ಚಿದಷ್ಟೂ ಇನ್ನೂ ಗಟ್ಟಿಯಾಗಿ ತಿಕ್ಕುತ್ತಿದ್ದಳು.

"ಹಾಂಗಾದ್ರ ನಾನೇ ಕೊಂದೆ ಅನ್ರಿ" ಎಂದಳು.

ಒಳಗಿನಿಂದ ಗಂಡನ ಧ್ವನಿ ಬಂತು. ಆ ದಿನ ಅವನು ಮೊದಲು ಮಾತಾಡಿದ್ದು ಆಗಲೇ. "ಭಟ್ರೇ, ಬೋರ್ಡಿಗೆ ಕಲಾಯಿನೂ ಹಾಕಿಸ್ತಿದ್ದಳು. ಕಲಾಯಿಯವ ಈ ವರ್ಷ ಬರಲಿಲ್ಲ, ಅದಕ್ಕ ಉಳೀತು."

ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗು ಬಂತೋ ಅಳು ಬಂತೋ ನಾನು ನೋಡಲಿಲ್ಲ. ಕೊಂದಿಲ್ಲ, ಬರೀ ಗಂಟಲು ಕಟ್ಟಿದೆ ಎಂದೆ. ಬೋರ್ಡಿನ ಅಂಚನ್ನು ನೀರಿನಲ್ಲಿ ಹುಳಿ ಹೋಗುವವರೆಗೆ ತೊಳೆದು, ಸ್ಪಿರಿಟ್ ಹಚ್ಚಿ ಒರೆಸಿ, ಬಿಸಿಲಿಗೆ ಹಿಡಿದೆ. ಕನೆಕ್ಟರಿನ ಕಿಲುಬನ್ನು ಸೂಜಿಯಿಂದ ಕೆರೆದೆ. ಆದರೆ ಚಿನ್ನ ಹೋದ ಆ ಪಟ್ಟಿಗಳನ್ನು ಐದು ವೋಲ್ಟಿನ ಭಾರಕ್ಕೆ ನಂಬುವಂತಿರಲಿಲ್ಲ. ಸಪ್ಲೈಯಿಂದ ದಪ್ಪ ತಂತಿ ಎರಡನ್ನು ತಂದು, ಕನೆಕ್ಟರನ್ನು ದಾಟಿಸಿ, ನೇರ ಬೋರ್ಡಿಗೇ ಬೆಸೆಯಬೇಕು. ಬೆಸುಗೆಯ ಕೋಲು ಕಾಯಲು ಇಟ್ಟೆ. ಕರೆಂಟು ಹೋಯಿತು.

ಬೇಸಿಗೆಯಲ್ಲಿ ಸರದಿಯ ಪ್ರಕಾರ ತೆಗೆಯುತ್ತಿದ್ದರು. ನಾಲ್ಕಕ್ಕಿಂತ ಮೊದಲು ಬರುವುದಿಲ್ಲ ಎಂದಳು. ಹೊರಗೆ ಲಾರಿಯ ಸದ್ದು ಕೇಳಿತು. ನಮಾಜು ಮುಗಿಸಿ ಬಂದ ಅಣ್ಣ ಅದನ್ನು ಹಿಂದಕ್ಕೆ ನಡೆಸಿ ಬಾಗಿಲಿಗೇ ತಂದು ನಿಲ್ಲಿಸುತ್ತಿದ್ದ. ಎರಡು ಹಲಗೆ ಇಳಿಸಿ ಹೊಸ್ತಿಲಿಗೆ ಒರಗಿಸಿದ. ಕರೆಂಟು ಬಂದ ಮೇಲೆ ಬೆಸೆಯುವುದಾದರೆ ಪರೀಕ್ಷೆಗೆ ಹೊತ್ತು ಉಳಿಯುವುದಿಲ್ಲ. ಅವನು ಕಾಯುವವನಲ್ಲ. ಕಾಯಿರಿ ಎನ್ನಲು ನನಗೂ ಮುಖವಿರಲಿಲ್ಲ, ಏಕೆಂದರೆ ಸರಿಯಾಗುತ್ತದೆ ಎಂದು ಆಣೆ ಮಾಡುವ ಸ್ಥಿತಿ ನನ್ನದಲ್ಲ.

ಚೀಲದ ತಳದಲ್ಲಿ ಬೆಂಕಿಯಲ್ಲಿ ಕಾಯಿಸುವ ಹಳೆಯ ಬೆಸುಗೆ ಕೋಲೊಂದಿತ್ತು. ಮರದ ಹಿಡಿ, ಮುಂದೆ ತಾಮ್ರದ ಮೊನೆ. ಕೊಡಪಾನ, ಡಬ್ಬಿ ಬೆಸೆಯುವವರು ಬಳಸುವಂಥದು. ಸೀಮೆಎಣ್ಣೆ ಸ್ಟೌ ಹಚ್ಚಲು ಹೇಳಿದೆ. ಅವಳು ಪಂಪು ಹೊಡೆದಳು. ಜ್ವಾಲೆ ನೀಲಿಯಾಗಿ ಹೂಂಕರಿಸಿತು. ಇಂಥ ಕೋಲಿನ ತೊಂದರೆಯೆಂದರೆ ಅದರ ಕಾವಿಗೆ ಕಡಿವಾಣವಿಲ್ಲ. ಹೆಚ್ಚಾದರೆ ಬೋರ್ಡಿನ ತಾಮ್ರದ ಗೆರೆ ಸಿಪ್ಪೆಯಂತೆ ಎದ್ದುಬರುತ್ತದೆ, ಕಡಿಮೆಯಾದರೆ ಬೆಸುಗೆ ಮುದ್ದೆಯಾಗಿ ಕೂರುತ್ತದೆ. ಬೆಸುಗೆ ಸೀಸದ ತುದಿಯನ್ನು ಮೊನೆಗೆ ತಾಗಿಸಿ, ಅದು ಹನಿಯಾಗಿ ಓಡುವ ಹೊತ್ತು ನೋಡಿ, ಒದ್ದೆ ಬಟ್ಟೆಗೆ ಒಮ್ಮೆ ಒರೆಸಿ, ತಕ್ಷಣ ಮುಟ್ಟಿಸಿ ತೆಗೆಯಬೇಕು.

ಟಾರ್ಚು ಹಿಡಿಯಲು ಅವಳಿಗೆ ಹೇಳಿದೆ. ಬೆಳಕು ನಡುಗುತ್ತಿತ್ತು.

"ಕೈ ನಡುಗಿದ್ರೆ ನಿಮ್ಮ ಗಂಡನಿಗೇ ಹಿಡಿಯಲು ಕೊಡ್ತೇನೆ" ಎಂದೆ.

"ಅವರು ಮಲಗಿದಲ್ಲಿಂದಲೇ ತಪ್ಪು ತೋರಿಸ್ತಾರ್ರಿ, ಬ್ಯಾಡ" ಎಂದಳು. ಬೆಳಕು ನಿಂತಿತು.

ಮೊದಲ ತಂತಿ ಒಂದೇ ಸಲಕ್ಕೆ ಕೂತಿತು. ಎರಡನೆಯದಕ್ಕೆ ಕೋಲನ್ನು ಮತ್ತೆ ಕಾಯಿಸಬೇಕಾಯಿತು. ಅಣ್ಣ ಬಾಗಿಲಲ್ಲಿ ನಿಂತು ಬೆಳಕಿಗೆ ಅಡ್ಡವಾಗಿದ್ದ. ಸರಿಯಿರಿ ಎಂದದ್ದು ಸ್ವಲ್ಪ ಗಡುಸಾಗಿಯೇ ಇತ್ತು. ಸರಿದ. ಎರಡನೆಯದೂ ಕೂತಿತು. ಹುಬ್ಬಳ್ಳಿಯವನು ತಿರುಗಿಸಿದ್ದ ಸ್ಕ್ರೂವನ್ನು ಅಂದಾಜಿನ ಮೇಲೆ ಹಿಂದಕ್ಕೆ ತಂದೆ. ಕರೆಂಟು ಬಂದಾಗ ಬೋರ್ಡಿಗೆ ಕೊಡದೆ ಮೊದಲು ಸಪ್ಲೈಯನ್ನಷ್ಟೇ ಅಳೆಯಬೇಕೆಂದು ಬೋರ್ಡಿಗೆ ಹೋಗುವ ತಂತಿಗಳನ್ನು ಸಪ್ಲೈಯ ಕಡೆ ಬಿಡಿಸಿಯೇ ಇಟ್ಟೆ.

ಆಮೇಲೆ ಮಾಡಲು ಏನೂ ಇರಲಿಲ್ಲ. ಅದೇ ಎಲ್ಲಕ್ಕಿಂತ ಕಷ್ಟವಾದದ್ದು. ಅವಲಕ್ಕಿ ಬಿಚ್ಚಿದೆ, ತಿನ್ನಲಾಗಲಿಲ್ಲ. ಅವಳು ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದಳು. ಅಣ್ಣ ಟಯರುಗಳನ್ನು ಒಂದೊಂದಾಗಿ ಒದ್ದು ನೋಡಿದ, ಸುತ್ತು ಮುಗಿಸಿ ಮತ್ತೆ ಮೊದಲಿನಿಂದ ಒದೆಯತೊಡಗಿದ. ಒಳಗಿದ್ದವನು ಮಾತ್ರ ಅಲುಗಾಡುವಂತಿರಲಿಲ್ಲ. ಹೊತ್ತೆಷ್ಟಾಯಿತು ಎಂದು ಮತ್ತೆ ಮತ್ತೆ ಕೇಳುತ್ತಿದ್ದ.

ನಾಲ್ಕು ದಾಟಿದ ಮೇಲೆ ಬಲ್ಬು ಹತ್ತಿತು. ಸಪ್ಲೈ ಅಳೆದೆ, ಸ್ಕ್ರೂವನ್ನು ಕೂದಲೆಳೆಯಷ್ಟು ಸರಿಪಡಿಸಿದೆ. ಸ್ವಿಚ್ಚು ಆರಿಸಿ, ಕನೆಕ್ಟರನ್ನೂ ತಂತಿಗಳನ್ನೂ ಕೂಡಿಸಿ, ಮತ್ತೆ ಹಾಕಿದೆ. ಆರಂಭದ ರಾಗ ಬಂತು. ಬೋರ್ಡಿನ ಮೇಲೆ ಐದು, ಕದಲದೆ.

ಅಣ್ಣನಿಗೆ ಚಪ್ಪಲಿ ಬಿಟ್ಟು ಬಂದು ಆಡಲು ಹೇಳಿದೆ. ಅವನು ನನ್ನ ಮುಖ ನೋಡಿದ. ನಾನೇ ಮೊದಲು ಬರಿಗಾಲಲ್ಲಿ ನಿಂತು ನಾಣ್ಯದ ಬಾಗಿಲಿನ ಮೇಲೆ ಇಡೀ ಅಂಗೈ ಇಟ್ಟೆ. ಅವನೂ ಒಂದು ಬೆರಳು ಇಟ್ಟ, ಆಮೇಲೆ ಕೈ ಇಟ್ಟ. ಆಟಕ್ಕೆ ನಿಂತ. ಅಷ್ಟು ದೊಡ್ಡ ಲಾರಿ ಹಿಂದಕ್ಕೆ ನಡೆಸುವವನಿಗೆ ವಿಮಾನ ಹಾರಿಸಲು ಬರುತ್ತಿರಲಿಲ್ಲ. ಹೊಡೆಸಿಕೊಂಡ, ಮತ್ತೆ ಹಾರಿಸಿದ. ಅವಳು ಪರದೆ ನೋಡಲಿಲ್ಲ, ಗಿರಣಿಯ ಕಡೆಯ ಗೋಡೆಯನ್ನೇ ನೋಡುತ್ತಿದ್ದಳು.

ಗಿರಣಿ ಶುರುವಾಯಿತು. ಬಲ್ಬು ಕಂದಿತು. ಪರದೆಯ ಅಂಚು ಒಂದಿಷ್ಟು ಒಳಕ್ಕೆ ಕುಗ್ಗಿತು. ಇಂಥ ಹೊತ್ತಿನಲ್ಲೇ ಇಷ್ಟು ದಿನ ಪರದೆ ಕಪ್ಪಾಗಿ ರಾಗ ಬರುತ್ತಿದ್ದದ್ದು. ಮೀಟರಿನ ಮುಳ್ಳು ಸ್ವಲ್ಪ ನಡುಗಿ ಮತ್ತೆ ತನ್ನ ಜಾಗಕ್ಕೆ ನಿಂತಿತು. ಆಟ ನಡೆಯುತ್ತಲೇ ಇತ್ತು. ಒಳಗಿನ ಗೋಡೆ ಸುಮ್ಮನಿತ್ತು.

ಗಿರಣಿ ನಿಂತಿತು, ಮತ್ತೆ ಶುರುವಾಯಿತು. ಯಾರದೋ ದೊಡ್ಡ ಡಬ್ಬಿ ಜೋಳವಿರಬೇಕು. ಅಣ್ಣ ಮೂರನೇ ಆಟ ಸೋತು ಬೆವರು ಒರೆಸಿಕೊಂಡ. ರಾಗ ಬರಲಿಲ್ಲ.

"ಏ, ಚಾ ಇಡು" ಎಂದ ಗಂಡ ಒಳಗಿನಿಂದ. "ಭಟ್ರಿಗೆ ಸಕ್ಕರೆ ಜಾಸ್ತಿ ಹಾಕು. ಭಾಯಿಜಾನ್‌ಗೆ ಬ್ಯಾಡ, ಸೋತಾರ."

ಅವಳು ಅಡುಗೆಮನೆಗೆ ಹೋದಳು. ಸ್ಟೌ ಇದ್ದದ್ದು ಇಲ್ಲಿ, ನನ್ನ ಕಾಲ ಬಳಿ. ಅದನ್ನು ನೆನಪಿಸಿಕೊಂಡು ಬಂದು ಎತ್ತಿಕೊಂಡು ಹೋದಳು. ಅಣ್ಣ ಹೊರಗೆ ನಡೆದ. ಹೊಸ್ತಿಲಿಗೆ ಒರಗಿಸಿದ್ದ ಹಲಗೆಗಳನ್ನು ಒಂದೊಂದಾಗಿ ಎತ್ತಿ ಲಾರಿಗೆ ಹಾಕಿದ.

ಚಹಾ ಕುಡಿದ ಮೇಲೆ ಹಿತ್ತಿಲ ಕೆಲಸ ಬಾಕಿ ಇದೆ ಎಂದೆ. ಬಕೆಟ್ ನೀರು ಎಷ್ಟು ದಿನ? ಬಾಳೆ ಒಣಗುತ್ತದಲ್ಲ ಎಂದು ಅವನಿಗೆ ಸಂಕಟ. ಅರ್ಧ ನೀರು ಇತ್ತ, ಅರ್ಧ ಅತ್ತ ಹರಿಯುವಂತೆ ನಡುವೆ ಒಂದು ಕಲ್ಲು ಇಡೋಣ ಎಂದೆ. ಅವನೇ ಗುದ್ದಲಿ ತಂದು ಪೈಪಿನ ಕಡೆಗಿದ್ದ ಹಳೆಯ ಕಾಲುವೆಯ ಬಾಯಿ ಬಿಡಿಸಿದ. ನಾನು ಕಲ್ಲು ಕೂರಿಸಿದೆ. ಹುಣಸೆಹಣ್ಣು ಹಂಡೆಗೆ ಮಾತ್ರ, ಬೋರ್ಡಿನ ಅಂಚಿಗೆ ಆರು ತಿಂಗಳಿಗೊಮ್ಮೆ ಶಾಲೆಯ ರಬ್ಬರು ಸಾಕು ಎಂದು ಅವಳಿಗೆ ಹೇಳಿದೆ. ಬಚ್ಚಲಿಗೆ ಒಂದು ಬಕೆಟ್ ನೀರು ಸುರಿಯಲು ಹೇಳಿದೆ. ಸುರಿದಳು. ನೀರು ಕಲ್ಲಿಗೆ ಬಡಿದು ಎರಡಾಗಿ, ಒಂದು ಪಾಲು ಪೈಪಿನ ಬುಡಕ್ಕೆ ಬಂತು.

ಒಳಗೆ ಹೋಗಿ ಫೇಸಿಗೂ ಅರ್ತಿಂಗಿಗೂ ಮತ್ತೊಮ್ಮೆ ಬಲ್ಬು ಹಿಡಿದು ನೋಡಿದೆ. ಚೆನ್ನಾಗಿ ಉರಿಯಿತು. ಪೆಟ್ಟಿಗೆಯ ಹಿಂಬದಿಯ ಹಲಗೆ ಕೂಡಿಸಿ, ಸ್ಕ್ರೂಗಳನ್ನು ಬಿಗಿದು, ಬೆಸುಗೆ ಕೋಲಿನ ಮೊನೆ ಒರೆಸಿ ಚೀಲಕ್ಕೆ ಹಾಕಿದೆ.